ಕಟ್ಟದ ಮನೆ, ಕೊಟ್ಟ ಸಾಲ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ತಂಗಿಯ ಮಗ ಎರಡು ಲಕೋಟೆಗಳನ್ನು ಹಿಡಿದುಕೊಂಡು ಮನೆಗೆ ಬಂದ. ಒಂದರಲ್ಲಿ ಕನಕಪುರ ರಸ್ತೆಯಲ್ಲಿ, ಸಿಲ್ಕ್ ಇನ್‌ಸ್ಟಿಟ್ಯೂಟ್ ಮೆಟ್ರೊ ನಿಲ್ದಾಣವನ್ನೂ ದಾಟಿ ಮುಂದೆ ತಲೆಯೆತ್ತಲಿರುವ ಇಪ್ಪತ್ತೆಂಟು ಮಹಡಿಗಳ ವಸತಿ ಸಮುಚ್ಚಯದ ಬಣ್ಣದ ಪುಸ್ತಿಕೆ ಇತ್ತು. ಈಜುಕೊಳ, ಮಕ್ಕಳ ಉದ್ಯಾನ, ಹಿರಿಯರಿಗೆಂದೇ ಮಾಡಿದ ನಡಿಗೆಯ ಹಾದಿ ಎಲ್ಲವೂ ಅದರಲ್ಲಿದ್ದವು. ಕಟ್ಟಡ ಮಾತ್ರ ಇನ್ನೂ ಇರಲಿಲ್ಲ. ಆ ಜಾಗದಲ್ಲಿ ಈಗಲೂ ನೀಲಗಿರಿ ಮರಗಳ ಬುಡಗಳಿವೆ. ಮೆಟ್ರೊದಿಂದ ಐದೇ ನಿಮಿಷ ಎಂದು ಬರೆದಿತ್ತು, ಯಾವ ವಾಹನದಲ್ಲಿ, ದಿನದ ಯಾವ ಹೊತ್ತಿನಲ್ಲಿ ಎಂದು ಬರೆದಿರಲಿಲ್ಲ. ಇನ್ನೊಂದು ಲಕೋಟೆಯಲ್ಲಿ ಕೋಣನಕುಂಟೆ ಕ್ರಾಸ್‌ಗೆ ನಡೆದು ಹೋಗುವಷ್ಟು ಹತ್ತಿರದಲ್ಲಿರುವ, ಹದಿನಾಲ್ಕು ವರ್ಷ ಹಳೆಯದಾದ ಮೂರು ಮಹಡಿಯ ಕಟ್ಟಡದ ಒಂದು ಫ್ಲ್ಯಾಟ್‌ನ ಕ್ರಯಪತ್ರದ ಛಾಯಾಪ್ರತಿ.

‘ಮಾವ, ಹೂಡಿಕೆ ಎಂದು ನೋಡಿದರೆ ಎರಡರಲ್ಲಿ ಯಾವುದು ಒಳ್ಳೆಯದು? ಅರ್ಥಶಾಸ್ತ್ರ ಓದಿದವರು ನೀವು, ಹೇಳಿಬಿಡಿ’ ಎಂದ. ಅವನ ಹಣದ ಜೊತೆಗೆ ನನ್ನ ತಂಗಿ ಹಾಸನದ ನಿವೇಶನ ಮಾರಿ ಕೊಟ್ಟ ಹಣವೂ ಸೇರಿರುವುದರಿಂದ ಕಾಫಿ ಕುಡಿಯುತ್ತ ಹೇಳಿಬಿಡುವ ಮಾತು ಇದಾಗಿರಲಿಲ್ಲ.

ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಏಳುತ್ತಿದೆ. ಆದರೆ ಪ್ರಶ್ನೆಯನ್ನು ಕೇಳುವ ರೀತಿಯಲ್ಲಿಯೇ ಒಂದು ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಕಟ್ಟುವ ಮೊದಲೇ ಕೊಳ್ಳುವ ಮನೆ, ಕಟ್ಟಿ ಮುಗಿದ ಮನೆ ಇವೆರಡೂ ಒಂದೇ ಪದಾರ್ಥದ ಎರಡು ಬಗೆಗಳು, ಒಂದು ಹೊಸದು ಇನ್ನೊಂದು ಹಳೆಯದು ಎಂದು ನಾವು ಭಾವಿಸಿದ್ದೇವೆ. ಅವು ಹಾಗಲ್ಲ. ಎರಡನೆಯದು ಮನೆ. ಮೊದಲನೆಯದು ಸಾಲ, ನಾವು ಬ್ಯಾಂಕಿನಿಂದ ಪಡೆಯುವ ಸಾಲವಲ್ಲ, ಬಿಲ್ಡರ್‌ಗೆ ನಾವು ಕೊಡುವ ಸಾಲ. ನಾಲ್ಕು ವರ್ಷಗಳ ನಂತರ ಅದನ್ನು ಆತ ಹಣದ ರೂಪದಲ್ಲಿ ಅಲ್ಲ, ಮನೆಯ ರೂಪದಲ್ಲಿ ತೀರಿಸುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಸಿದ್ಧ ಮನೆಗಿಂತ ಅಗ್ಗವಾಗಿ ಕೊಡುವ ಆ ‘ರಿಯಾಯಿತಿ’ ಯಾರ ಔದಾರ್ಯವೂ ಅಲ್ಲ, ಅದು ನಮ್ಮ ಸಾಲಕ್ಕೆ ಸಲ್ಲುವ ಬಡ್ಡಿ. ಆದುದರಿಂದ ಕೇಳಬೇಕಾದದ್ದು ಯಾವ ಮನೆ ಒಳ್ಳೆಯದು ಎಂದಲ್ಲ. ಈ ಸಾಲಕ್ಕೆ ಈ ಬಡ್ಡಿ ಸಾಕೇ, ಸಾಲಕ್ಕೆ ಭದ್ರತೆ ಏನು ಎಂದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಬುಕ್ ಮಾಡಿ ನೋಡು ಎನ್ನುವ ಕಾಲವನ್ನು ಅವರು ಕಂಡಿರಲಿಲ್ಲ.

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಬಡಾವಣೆಯಲ್ಲಿ ಸಿದ್ಧವಾದ ಫ್ಲ್ಯಾಟ್‌ನ ಬೆಲೆ 1 ಕೋಟಿ ರೂಪಾಯಿ. ಪಕ್ಕದಲ್ಲಿಯೇ ನಾಲ್ಕು ವರ್ಷಗಳಲ್ಲಿ ಮುಗಿಯಲಿರುವ ಅದೇ ಅಳತೆಯ ಫ್ಲ್ಯಾಟ್ 85 ಲಕ್ಷಕ್ಕೆ ಬುಕಿಂಗ್‌ಗೆ ಇದೆ. 15 ಲಕ್ಷ ಉಳಿಯಿತು ಎನ್ನುತ್ತಾನೆ ಮಾರಾಟ ಪ್ರತಿನಿಧಿ. ಆದರೆ ನಿರ್ಮಾಣ ಹಂತದ ಮನೆಗೆ ಜಿಎಸ್‌ಟಿ ಇದೆ. 2019ರ ಏಪ್ರಿಲ್‌ನಿಂದ ಅದು ಶೇ 5. 45 ಲಕ್ಷದೊಳಗಿನ, ನಿಗದಿತ ಅಳತೆ ಮೀರದ ಮನೆಗಳಿಗೆ ಮಾತ್ರ ಶೇ 1. ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಓಸಿ, ದೊರೆತ ಮೇಲೆ ಮಾರುವ ಮನೆಗೆ ಈ ತೆರಿಗೆ ಇಲ್ಲ. 85 ಲಕ್ಷಕ್ಕೆ ತೆರಿಗೆ 4.25 ಲಕ್ಷವಾಯಿತು, ನಾವು ತೆರುವುದು 89.25 ಲಕ್ಷ, ಉಳಿದದ್ದು 10.75 ಲಕ್ಷ. ಮುದ್ರಾಂಕ ಶುಲ್ಕ ಹಾಗೂ ನೋಂದಣಿ ಶುಲ್ಕ ಎರಡು ಬಗೆಯ ಮನೆಗೂ ಬರುವುದರಿಂದ ಬದಿಗಿಡೋಣ. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿರುವುದರಿಂದ, ಬೆಂಗಳೂರಿನಲ್ಲಿ 45 ಲಕ್ಷ ಮೀರಿದ ಮನೆಗೆ ಎಲ್ಲ ಸೇರಿ ಶೇ 7.6ರಷ್ಟಾಗುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಹಣವನ್ನು ಒಮ್ಮೆಗೇ ಕೊಡುವುದಿಲ್ಲ, ಕಂತುಗಳಲ್ಲಿ ಕೊಡುತ್ತೇವೆ. ಆದರೆ ಕಂತುಗಳು ಮುಂಚಿತವಾಗಿಯೇ ಬೀಳುತ್ತವೆ: ಬುಕಿಂಗ್, ಕರಾರು, ಅಡಿಪಾಯ, ಮೊದಲ ಸ್ಲ್ಯಾಬ್ ಎಂದು. ಎಲ್ಲ ಕಂತುಗಳನ್ನೂ ಸರಾಸರಿ ಮಾಡಿದರೆ ನಮ್ಮ ಹಣ ಸುಮಾರು ಎರಡೂವರೆ ವರ್ಷ ಬಿಲ್ಡರ್‌ನ ಬಳಿ ಇರುತ್ತದೆ ಎಂದುಕೊಳ್ಳೋಣ. 89.25 ಲಕ್ಷಕ್ಕೆ ಎರಡೂವರೆ ವರ್ಷದಲ್ಲಿ 10.75 ಲಕ್ಷ, ಸರಳ ಬಡ್ಡಿಯಲ್ಲಿ ವರ್ಷಕ್ಕೆ ಶೇ 4.8. ಬ್ಯಾಂಕಿನ ನಿಶ್ಚಿತ ಠೇವಣಿ ತೆರಿಗೆ ಕಳೆದೂ ಹೆಚ್ಚುಕಡಿಮೆ ಇಷ್ಟನ್ನೇ ಕೊಡುತ್ತದೆ, ನಿದ್ದೆ ಕೆಡಿಸದೆ ಕೊಡುತ್ತದೆ. ಕಟ್ಟಡ ಎರಡು ವರ್ಷ ತಡವಾದರೆ ಇದೇ ಬಡ್ಡಿ ಶೇ 2.7ಕ್ಕೆ ಇಳಿಯುತ್ತದೆ. ಇನ್ನು ಹೊಸ ಯೋಜನೆಯ ದರ ಪಕ್ಕದ ಸಿದ್ಧ ಮನೆಯ ದರಕ್ಕೆ ಸಮನಾಗಿದ್ದರೆ, ಬೆಂಗಳೂರಿನ ಕೆಲವು ಭಾಗಗಳಲ್ಲಿ ಹೀಗೂ ಕಾಣುತ್ತಿದೆ, ನಾವು ಸಾಲವನ್ನೂ ಕೊಟ್ಟು ಬಡ್ಡಿಯನ್ನೂ ನಾವೇ ಕಟ್ಟಿದಂತಾಗುತ್ತದೆ.

ಮನೆಯ ಬೆಲೆ ಏರುವುದಿಲ್ಲವೇ ಎಂದು ಹುಡುಗ ಕೇಳಿದ. ಏರಬಹುದು. ಆದರೆ ಏರಿದರೆ ಪಕ್ಕದ ಸಿದ್ಧ ಮನೆಗೂ ಏರುತ್ತದೆ. ಅದು ಬುಕಿಂಗ್‌ನ ಗುಣವಲ್ಲ, ಬಡಾವಣೆಯ ಗುಣ. ಬುಕಿಂಗ್‌ನಲ್ಲಿ ನಿಜವಾದ ಆಕರ್ಷಣೆ ಬೇರೆ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಬೆಲೆಯ ಐದನೇ ಒಂದು ಭಾಗವನ್ನಷ್ಟೇ ಕಟ್ಟಿದವನಿಗೆ ಇಡೀ ಮನೆಯ ಬೆಲೆ ಏರಿಕೆಯ ಲಾಭ ಸಿಗುತ್ತದೆ. ಹಾಗೆ ಕೊಂಡು, ಎರಡು ವರ್ಷದೊಳಗೆ ಮಾರಿ ಹಣ ಮಾಡಿದವರು ನನ್ನ ಪರಿಚಯದಲ್ಲಿಯೂ ಇದ್ದಾರೆ. ಅವರ ಮಾತು ಮದುವೆ ಮನೆಗಳಲ್ಲಿ ಕೇಳಿಬರುತ್ತದೆ. ಮಾರಲಾಗದೆ ಉಳಿದವರು ಮದುವೆ ಮನೆಗಳಲ್ಲಿ ಈ ವಿಷಯ ಎತ್ತುವುದಿಲ್ಲ. ಅರ್ಧ ಕಟ್ಟಿದ ಮನೆಯನ್ನು ಮಾರಹೊರಟವನಿಗೆ ಪ್ರತಿಸ್ಪರ್ಧಿ ಸ್ವತಃ ಬಿಲ್ಡರನೇ. ಮಾರಾಟವಾಗದ ಮನೆಗಳು ಅವನ ಬಳಿಯೂ ಇರುತ್ತವೆ. ಜಾಹೀರಾತು, ಹಬ್ಬದ ಕೊಡುಗೆ, ಮಾಡ್ಯುಲರ್ ಅಡುಗೆಮನೆ ಎಲ್ಲ ಅವನ ಕೈಯಲ್ಲಿವೆ. ನಮ್ಮ ಹೆಸರಿನ ಕರಾರನ್ನು ಇನ್ನೊಬ್ಬರಿಗೆ ವರ್ಗಾಯಿಸಲೂ ಅವನದೇ ಒಪ್ಪಿಗೆ ಬೇಕು, ಅದಕ್ಕೊಂದು ಶುಲ್ಕವೂ ಇರುತ್ತದೆ.

ಬಿಲ್ಡರ್ ನಮ್ಮ ಬಳಿಗೇ ಸಾಲಕ್ಕೆ ಬರುವುದೇಕೆ? ಖಾಸಗಿ ಬಿಲ್ಡರ್‌ಗಳಿಗೆ ಭೂಮಿ ಕೊಳ್ಳಲು ಬ್ಯಾಂಕುಗಳು ಸಾಲ ಕೊಡಬಾರದೆಂಬುದು ರಿಸರ್ವ್ ಬ್ಯಾಂಕ್ ಬಹುಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. ಆ ಕೊರತೆಯನ್ನು ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಹೆಚ್ಚಿನ ಬಡ್ಡಿಗೆ ತುಂಬುತ್ತಿದ್ದವು. 2018ರ ಸೆಪ್ಟೆಂಬರ್‌ನಲ್ಲಿ ಐಎಲ್‌ ಅಂಡ್ ಎಫ್‌ಎಸ್ ಕುಸಿದಾಗ ಆ ನಲ್ಲಿಯೂ ಬತ್ತಿತು. ಎಲ್ಲಕ್ಕಿಂತ ಅಗ್ಗದ, ಹೆಚ್ಚು ಪ್ರಶ್ನೆ ಕೇಳದ ಸಾಲದಾತ ಮೊದಲಿನಿಂದಲೂ ಒಬ್ಬನೇ: ಸ್ವಂತ ಸೂರಿನ ಕನಸು ಹೊತ್ತ ಸಂಬಳದಾರ. ಬ್ಯಾಂಕ್ ಬಿಲ್ಡರ್‌ಗೆ ಸಾಲ ಕೊಡುವಾಗ ಭೂಮಿಯನ್ನು ಅಡಮಾನ ಮಾಡಿಸಿಕೊಳ್ಳುತ್ತದೆ, ನಿರ್ದೇಶಕರ ವೈಯಕ್ತಿಕ ಖಾತರಿ ಕೇಳುತ್ತದೆ, ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡುತ್ತದೆ. ನಾವು ಮಾದರಿ ಮನೆಯ ಸೋಫಾದ ಮೇಲೆ ಕುಳಿತು ಚೆಕ್ಕಿಗೆ ಸಹಿ ಮಾಡುತ್ತೇವೆ.

ಭದ್ರತೆಯಿಲ್ಲದ ಈ ಸಾಲ ಮುಳುಗಿದರೆ ಏನಾಗುತ್ತದೆಂಬುದನ್ನು ನೊಯಿಡಾ, ಗ್ರೇಟರ್ ನೊಯಿಡಾ ದೇಶಕ್ಕೇ ತೋರಿಸಿವೆ. ಆಮ್ರಪಾಲಿ ಸಮೂಹದ ಯೋಜನೆಗಳಲ್ಲಿ 42 ಸಾವಿರಕ್ಕೂ ಹೆಚ್ಚು ಕುಟುಂಬಗಳು ಹಣ ಕಟ್ಟಿ ಕಾದವು. ಆ ಹಣ ಬೇರೆಡೆಗೆ ಹರಿದಿದೆಯೆಂದು ಕಂಡುಕೊಂಡ ಸುಪ್ರೀಂ ಕೋರ್ಟ್ 2019ರ ಜುಲೈನಲ್ಲಿ ಸಮೂಹದ ರೇರಾ ನೋಂದಣಿಯನ್ನೇ ರದ್ದುಗೊಳಿಸಿ, ಉಳಿದ ಕಟ್ಟಡಗಳನ್ನು ಮುಗಿಸುವ ಹೊಣೆಯನ್ನು ಸರ್ಕಾರಿ ಸಂಸ್ಥೆಯಾದ ಎನ್‌ಬಿಸಿಸಿಗೆ ವಹಿಸಿತು. ಅದು ಒಂದು ಸಮೂಹದ ಕಥೆ. ಅಮಿತಾಭ್ ಕಾಂತ್ ನೇತೃತ್ವದ ಸಮಿತಿ 2023ರಲ್ಲಿ ಕೊಟ್ಟ ವರದಿಯಲ್ಲಿ, ದೇಶದಾದ್ಯಂತ ಸಂಕಷ್ಟಕ್ಕೆ ಸಿಲುಕಿದ ಮನೆಗಳು 4.12 ಲಕ್ಷ, ಅವುಗಳಲ್ಲಿ ತೊಡಗಿರುವ ಹಣ 4.08 ಲಕ್ಷ ಕೋಟಿ ರೂಪಾಯಿ ಎಂಬ ಅಂದಾಜು ಇತ್ತು. ಇವನ್ನು ಮುಗಿಸಲೆಂದು ಕೇಂದ್ರ ಸರ್ಕಾರ 2019ರ ನವೆಂಬರ್‌ನಲ್ಲಿ 25 ಸಾವಿರ ಕೋಟಿ ರೂಪಾಯಿಯ ‘ಸ್ವಾಮಿಹ್’ ನಿಧಿಯನ್ನು ಘೋಷಿಸಿತು. 2025ರ ಮುಂಗಡಪತ್ರದಲ್ಲಿ 15 ಸಾವಿರ ಕೋಟಿಯ ಎರಡನೆಯ ನಿಧಿ ಬಂತು.

ಕರಾರುಪತ್ರಗಳ ಮಾತನ್ನೂ ಹೇಳಬೇಕು. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಗುರುಗ್ರಾಮದ ಒಂದು ಪ್ರಕರಣದಲ್ಲಿ, ಖರೀದಿದಾರ ಕಂತು ತಡಮಾಡಿದರೆ ಬಡ್ಡಿ ಶೇ 18. ಬಿಲ್ಡರ್ ಮನೆ ತಡಮಾಡಿದರೆ ಶೇ 9. ಇಂಥ ಏಕಪಕ್ಷೀಯ ಷರತ್ತುಗಳು ಅನುಚಿತ ವ್ಯಾಪಾರ ಪದ್ಧತಿಯೆಂದೂ ಖರೀದಿದಾರನನ್ನು ಅವು ಕಟ್ಟಿಹಾಕಲಾರವೆಂದೂ ನ್ಯಾಯಾಲಯ ಹೇಳಿತು. ಸಾಲ ಕೊಟ್ಟವನೇ ಸಾಲಗಾರನಿಗಿಂತ ಎರಡು ಪಟ್ಟು ದಂಡ ತೆರುವ ಕರಾರನ್ನು ಬೇರೆ ಯಾವ ವ್ಯವಹಾರದಲ್ಲಿ ಕಾಣಬಹುದು?

ನಾನು ಕಂಡಿದ್ದೇನೆ, ಏಕೆಂದರೆ ಅದಕ್ಕೆ ನಾನೇ ಸಹಿ ಮಾಡಿದ್ದೆ. 2011ರ ಕೊನೆಯಲ್ಲಿ, ನಿವೃತ್ತಿಗೆ ಇನ್ನೂ ಏಳು ವರ್ಷವಿರುವಾಗ, ನಗರದ ಹೊರವಲಯದಲ್ಲಿ 1,250 ಚದರ ಅಡಿಯ ಒಂದು ಫ್ಲ್ಯಾಟ್ ಬುಕ್ ಮಾಡಿದೆ. 2014ರ ಜೂನ್‌ಗೆ ಮನೆ ಕೈಗೆ ಎಂದಿದ್ದರು, ಕೊಟ್ಟದ್ದು 2018ರಲ್ಲಿ. ಆ ವರ್ಷಗಳಲ್ಲಿ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಬರುತ್ತಿದ್ದುದು ಹಣಕಾಸಿನ ಕಡತಗಳೇ. ನೀರಾವರಿ ಕಾಮಗಾರಿಯೊಂದು ಒಂದು ವರ್ಷ ತಡವಾದರೆ ಬೊಕ್ಕಸಕ್ಕೆ ಎಷ್ಟು ಹೊರೆ ಎಂದು ಪುಟಗಟ್ಟಲೆ ಟಿಪ್ಪಣಿ ಬರೆಯುತ್ತಿದ್ದವನು ನಾನು. ಸ್ವಂತ ಮನೆಯ ವಿಷಯದಲ್ಲಿ ಒಂದು ಸಾಲು ಟಿಪ್ಪಣಿಯನ್ನೂ ಬರೆದುಕೊಳ್ಳಲಿಲ್ಲ. ತಡವಾದ ಪ್ರತಿ ತಿಂಗಳಿಗೆ ಚದರ ಅಡಿಗೆ 5 ರೂಪಾಯಿ ಪರಿಹಾರ ಎಂದು ಕರಾರಿನಲ್ಲಿತ್ತು, ಅಂದರೆ ತಿಂಗಳಿಗೆ 6,250 ರೂಪಾಯಿ. ನಾನು ತೆರುತ್ತಿದ್ದ ಮನೆ ಬಾಡಿಗೆ 14,000. ಬ್ಯಾಂಕ್ ಬಿಡುಗಡೆ ಮಾಡಿದ್ದ 30 ಲಕ್ಷ ಸಾಲದ ಮೇಲೆ, ಆಗಿನ ಶೇ 10.5ರ ದರದಲ್ಲಿ, ತಿಂಗಳಿಗೆ 26 ಸಾವಿರಕ್ಕೂ ಹೆಚ್ಚು ಬಡ್ಡಿ. ಆ 6,250 ಕೂಡ ಕೈಗೆ ಬರಲಿಲ್ಲ. ಕೊನೆಯ ಬಿಲ್ಲಿನಲ್ಲಿ ‘ಹೊಂದಾಣಿಕೆ’ಯಾಯಿತು. ಗೃಹಪ್ರವೇಶದ ದಿನ ನನ್ನ ತಾಯಿ ಇರಲಿಲ್ಲ. ಐದನೇ ಸ್ಲ್ಯಾಬ್ ಹಾಕುವಾಗ ಒಮ್ಮೆ ಕರೆದುಕೊಂಡು ಹೋಗಿ ಕೆಳಗಿನಿಂದ ತೋರಿಸಿದ್ದೆ, ಅಷ್ಟೇ.

ಈಗ ಕಾನೂನು ಹಾಗಿಲ್ಲ ಎಂಬುದು ಸಂತೋಷದ ಸಂಗತಿ. 2016ರಲ್ಲಿ ಸಂಸತ್ತು ಒಪ್ಪಿದ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ರೇರಾ, 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ಕರ್ನಾಟಕದ ನಿಯಮಗಳು ಅದೇ ಜುಲೈನಲ್ಲಿ ಬಂದವು. ಖರೀದಿದಾರರಿಂದ ಪಡೆದ ಹಣದಲ್ಲಿ ಶೇ 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕಟ್ಟಡದ ರಚನೆಯ ದೋಷಕ್ಕೆ ಐದು ವರ್ಷ ಬಿಲ್ಡರನೇ ಹೊಣೆ. ತಡವಾದರೆ ಹಣ ವಾಪಸ್ ಕೇಳಬಹುದು, ಇಲ್ಲವೇ ಮನೆ ಸಿಗುವವರೆಗೆ ತಿಂಗಳು ತಿಂಗಳು ಬಡ್ಡಿ ಕೇಳಬಹುದು. ಬಡ್ಡಿಯ ದರ ಎರಡೂ ಕಡೆಗೆ ಒಂದೇ. ಕರ್ನಾಟಕದಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನ ಅತ್ಯಧಿಕ ಎಂಸಿಎಲ್‌ಆರ್ ದರದ ಮೇಲೆ ಶೇ 2. ನಾನು ಸಹಿ ಮಾಡಿದಂಥ ಕರಾರನ್ನು ಇಂದು ಯಾರೂ ಮುಂದಿಡುವಂತಿಲ್ಲ. ಬರೆದವರಿಗೆ ಖರೀದಿದಾರ ಸಾಲದಾತನೆಂಬ ಅರಿವು ಇದ್ದುದು ಈ ಕಾಯ್ದೆಯ ಒಂದೊಂದು ಕಲಮಿನಲ್ಲಿಯೂ ಕಾಣುತ್ತದೆ. ದಿವಾಳಿ ಸಂಹಿತೆಗೆ 2018ರಲ್ಲಿ ತಂದ ತಿದ್ದುಪಡಿಯಂತೂ ಮನೆ ಖರೀದಿದಾರರನ್ನು ಬ್ಯಾಂಕುಗಳ ಸಾಲಿನಲ್ಲಿ ‘ಹಣಕಾಸು ಸಾಲದಾತರು’ ಎಂದೇ ಕರೆಯಿತು.

ಆದರೆ ಆದೇಶ ಬೇರೆ, ವಸೂಲಿ ಬೇರೆ. ರೇರಾ ಪ್ರಾಧಿಕಾರ ಹಣ ಹಿಂದಿರುಗಿಸಲು ಆಜ್ಞಾಪಿಸಿ, ಬಿಲ್ಡರ್ ಕೊಡದಿದ್ದರೆ, ಅದು ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು. ಅಂದರೆ ವಸೂಲಿ ಪತ್ರ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗಬೇಕು. ಚುನಾವಣೆ, ಬರ, ಪ್ರವಾಹ, ಜಾತಿ ಪ್ರಮಾಣಪತ್ರಗಳ ನಡುವೆ ಕೆಲಸ ಮಾಡುವ ತಹಶೀಲ್ದಾರರಿಗೆ ಬಿಲ್ಡರ್‌ನ ಹೆಸರಿನಲ್ಲಿ ಅಡಮಾನವಿಲ್ಲದ ಆಸ್ತಿ ಯಾವುದೆಂದು ಹುಡುಕುವುದು ಎಷ್ಟನೆಯ ಕೆಲಸವಾಗಿರುತ್ತದೆ ಎಂಬುದನ್ನು ಆಡಳಿತ ಬಲ್ಲವರು ಊಹಿಸಬಲ್ಲರು. ನಾನು ಯಾರನ್ನೂ ದೂರುತ್ತಿಲ್ಲ. ಆ ಕುರ್ಚಿಯ ಕಷ್ಟ ಬಲ್ಲೆ. ಆದರೆ ಕಾಗದದ ಮೇಲಿನ ಶೇ 10ರ ಬಡ್ಡಿಯನ್ನು ಕೈಗೆ ಬಂದ ಬಡ್ಡಿ ಎಂದು ಲೆಕ್ಕ ಹಾಕಬಾರದು.

ಕಾಯ್ದೆಯ ಬೇಲಿಯನ್ನು ದಾಟುವ ಕಿಂಡಿಗಳನ್ನೂ ಹುಡುಕಲಾಗಿದೆ. ನೋಂದಣಿಯಾಗದ ಯೋಜನೆಯಲ್ಲಿ ಜಾಹೀರಾತು, ಬುಕಿಂಗ್ ಯಾವುದೂ ಕೂಡದು, ಮೀರಿದರೆ ಯೋಜನಾ ವೆಚ್ಚದ ಶೇ 10ರವರೆಗೆ ದಂಡ ಎಂದು ಕಾನೂನು ಹೇಳುತ್ತದೆ. ಆದರೂ ‘ಪ್ರೀ-ಲಾಂಚ್’ ಎಂಬ ಹೆಸರಿನಲ್ಲಿ, ಇದು ಬುಕಿಂಗ್ ಅಲ್ಲ, ಆಸಕ್ತಿಯ ಅಭಿವ್ಯಕ್ತಿ ಮಾತ್ರ ಎಂದು ಚೆಕ್ ಪಡೆಯುವ ರೂಢಿ ನಿಂತಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಇದೇ ಇರಬೇಕು. ನಮ್ಮ ಹುಡುಗನ ಲಕೋಟೆಯಲ್ಲಿಯೂ ಅಂಥ ಒಂದು ಅರ್ಜಿ ನಮೂನೆ ಇತ್ತು. ಪುಸ್ತಿಕೆಯ ಕೊನೆಯ ಪುಟದ ಸಣ್ಣಕ್ಷರಗಳಲ್ಲಿ ರೇರಾ ಸಂಖ್ಯೆ ಹುಡುಕಿದೆವು. ‘ಅರ್ಜಿ ಸಲ್ಲಿಸಲಾಗಿದೆ’ ಎಂದಿತ್ತು. ಇನ್ನೊಂದು ಕಿಂಡಿ, ಮನೆ ಸಿಗುವವರೆಗೆ ಕಂತನ್ನು ಬಿಲ್ಡರನೇ ಕಟ್ಟುತ್ತಾನೆ ಎಂಬ ಆಮಿಷ. ಸಾಲ ಮಾತ್ರ ಖರೀದಿದಾರನ ಹೆಸರಿನಲ್ಲಿರುತ್ತದೆ. ನಿರ್ಮಾಣದ ಹಂತ ನೋಡಿಯೇ ಹಣ ಬಿಡುಗಡೆ ಮಾಡಿ ಎಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ಹೇಳಿತ್ತು. ಇಂಥ ಯೋಜನೆಗಳಿಗೆ ಸಾಲ ಕೊಡುವುದರಿಂದ ದೂರವಿರಿ ಎಂದು ರಾಷ್ಟ್ರೀಯ ವಸತಿ ಬ್ಯಾಂಕ್ 2019ರಲ್ಲಿ ಗೃಹಸಾಲ ಸಂಸ್ಥೆಗಳಿಗೆ ಹೇಳಿತು. ಬಿಲ್ಡರ್ ಕಂತು ನಿಲ್ಲಿಸಿದಾಗ ಬ್ಯಾಂಕಿನ ನೋಟಿಸು ಬಂದದ್ದು ಮನೆಯಿಲ್ಲದ ಖರೀದಿದಾರನಿಗೆ. ಇಂಥ ಪ್ರಕರಣಗಳಲ್ಲಿ ಬಿಲ್ಡರ್ ಮತ್ತು ಬ್ಯಾಂಕುಗಳ ನಂಟನ್ನು ತನಿಖೆ ಮಾಡುವಂತೆ ಸುಪ್ರೀಂ ಕೋರ್ಟ್ 2025ರಲ್ಲಿ ಸಿಬಿಐಗೆ ಒಪ್ಪಿಸಬೇಕಾಯಿತು.

‘ಹೂಡಿಕೆ’ ಎಂಬ ಪದವನ್ನೇ ಎಚ್ಚರದಿಂದ ಬಳಸಬೇಕಾದ ಕಾಲ ಬಂದಿದೆ. 2025ರ ಸೆಪ್ಟೆಂಬರ್‌ನ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್, ವಾಸಕ್ಕೆಂದು ಮನೆ ಕೊಳ್ಳುವವನನ್ನೂ ಲಾಭದ ಸಟ್ಟಾ ವ್ಯವಹಾರಕ್ಕೆ ಕೊಳ್ಳುವವನನ್ನೂ ಬೇರ್ಪಡಿಸಿತು. ಸೂರು ಜೀವಿಸುವ ಹಕ್ಕಿನ ಭಾಗವೆಂದ ನ್ಯಾಯಾಲಯವೇ, ಇಂತಿಷ್ಟು ಲಾಭ ಖಚಿತ, ಬೇಡವಾದರೆ ನಾವೇ ಮರಳಿ ಕೊಳ್ಳುತ್ತೇವೆ ಎಂಬ ಕರಾರಿನ ಮೇಲೆ ಹಣ ಹಾಕಿದವರು ದಿವಾಳಿ ಸಂಹಿತೆಯ ಬಾಗಿಲು ತಟ್ಟುವಂತಿಲ್ಲ ಎಂದಿತು. ಮನೆಗಾಗಿ ಕಾಯುವವನಿಗೆ ಕಾನೂನಿನ ಕರುಣೆ ಇದೆ. ಖಚಿತ ಲಾಭಕ್ಕಾಗಿ ಕಾಯುವವನಿಗೆ ಆ ಕರುಣೆ ಕಡಿಮೆ. ಇದು ನ್ಯಾಯವೇ ಎಂದು ವಾದಿಸಬಹುದು. ನನಗಂತೂ ನ್ಯಾಯವೆಂದೇ ತೋರುತ್ತದೆ.

ಹಾಗಾದರೆ ಹಳೆಯ ಮನೆಯೇ ಸರಿ ಎನ್ನಬಹುದೇ? ಅಷ್ಟು ಸುಲಭವಲ್ಲ. ಅದರ ದೊಡ್ಡ ಗುಣವೆಂದರೆ ಅದು ಕಣ್ಣಿಗೆ ಕಾಣುತ್ತದೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗುತ್ತದೆಯೇ, ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ಬರುತ್ತದೆ, ಬಾಡಿಗೆ ಎಷ್ಟು ಹುಟ್ಟುತ್ತದೆ ಎಂಬುದನ್ನು ಪಕ್ಕದ ಮನೆಯವರನ್ನು ಕೇಳಿ ತಿಳಿಯಬಹುದು. ಎರಡನೆಯ ಗುಣವನ್ನು ಬಹಳ ಮಂದಿ ಗಮನಿಸುವುದಿಲ್ಲ. ಕಟ್ಟಡ ವರ್ಷ ವರ್ಷ ಸವೆಯುತ್ತದೆ, ಬೆಲೆ ಏರುವುದು ಭೂಮಿಗೆ. ಫ್ಲ್ಯಾಟ್ ಕೊಂಡವನ ಪಾಲಿಗೆ ಭೂಮಿಯೆಂದರೆ ಕ್ರಯಪತ್ರದ ಷೆಡ್ಯೂಲ್‌ನಲ್ಲಿ ಬರೆದ ಅವಿಭಜಿತ ಪಾಲು ಮಾತ್ರ. ನಮ್ಮ ಎರಡು ಲಕೋಟೆಗಳಲ್ಲಿ ಹಳೆಯ ಮೂರು ಮಹಡಿಯ ಮನೆಗೆ ಆ ಪಾಲು 560 ಚದರ ಅಡಿ. ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಇಪ್ಪತ್ತೆಂಟು ಮಹಡಿಯ ಹೊಸ ಮನೆಗೆ 240. ಕೆಲವು ದಶಕಗಳ ನಂತರ ಕಟ್ಟಡ ಕೆಡವಿ ಕಟ್ಟುವ ದಿನ ಬಂದಾಗ ಉಳಿಯುವುದು ಈ ಅಂಕಿಯೇ. ಈಜುಕೊಳ ಉಳಿಯುವುದಿಲ್ಲ.

ಹಳೆಯ ಮನೆಯ ರೋಗ ಗೋಡೆಯಲ್ಲಿಲ್ಲ, ಕಾಗದದಲ್ಲಿದೆ. ಅನುಮೋದಿತ ನಕ್ಷೆ ಮೀರಿ ಕಟ್ಟಿದ ಒಂದು ಮಹಡಿ, ಓಸಿ ಇಲ್ಲದೆಯೇ ಹತ್ತಾರು ವರ್ಷ ವಾಸ, ‘ಬಿ’ ಖಾತಾ, ನೋಂದಣಿಯಾಗದ ನಿವಾಸಿಗಳ ಸಂಘ. ಬೆಂಗಳೂರಿನಲ್ಲಿ ಇವು ಅಪರೂಪವಲ್ಲ. 2016ರ ಆಗಸ್ಟ್‌ನಲ್ಲಿ ರಾಜಕಾಲುವೆ ತೆರವು ಕಾರ್ಯಾಚರಣೆ ನಡೆದಾಗ, ಸಾಲ ಮಾಡಿ ಕೊಂಡು, ನೋಂದಣಿ ಮಾಡಿಸಿ, ತೆರಿಗೆ ಕಟ್ಟುತ್ತಿದ್ದ ಮನೆಗಳೇ ಕಣ್ಣೆದುರು ನೆಲಸಮವಾದುದನ್ನು ನಾವು ನೋಡಿದ್ದೇವೆ. ಸಿದ್ಧ ಮನೆ ಎಂದರೆ ಸುರಕ್ಷಿತ ಮನೆ ಎಂದಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ ನೋಡದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ನಿರ್ದೇಶಿಸಿದ ಮೇಲೆ ಈ ಒಂದು ಹಾಳೆಯ ಬೆಲೆ ಹೆಚ್ಚಿದೆ. ಅದೇ ವರ್ಷದ ಕೊನೆಯ ತಿಂಗಳುಗಳಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾದದ್ದರಿಂದ ಎಷ್ಟೋ ಹಳೆಯ ಕಾಗದಗಳ ದೋಷ ಈಗ ಹೊರಗೆ ಬೀಳುತ್ತಿದೆ. ಮಾರುವವರಿಗೆ ಕಷ್ಟ, ಕೊಳ್ಳುವವರಿಗೆ ಉಪಕಾರ.

ಬಾಡಿಗೆಯ ವಿಷಯದಲ್ಲಿಯೂ ಭ್ರಮೆ ಬೇಡ. ಒಂದು ಕೋಟಿಯ ಮನೆಗೆ ತಿಂಗಳಿಗೆ 25 ಸಾವಿರ ಬಂದರೆ ಅದು ವರ್ಷಕ್ಕೆ ಶೇ 3. ನಿರ್ವಹಣೆ, ತೆರಿಗೆ, ಖಾಲಿ ಉಳಿಯುವ ತಿಂಗಳುಗಳನ್ನು ಕಳೆದರೆ ಇನ್ನೂ ಕಡಿಮೆ. ಶೇ 8ರ ಆಸುಪಾಸಿನ ಬಡ್ಡಿಗೆ ಸಾಲ ತಂದು ಶೇ 3ರ ಬಾಡಿಗೆಗೆ ಮನೆ ಕೊಳ್ಳುವುದು ಯಾವ ಪಠ್ಯಪುಸ್ತಕವೂ ಒಪ್ಪದ ವ್ಯವಹಾರ, ಬೆಲೆ ಏರಿಕೆಯೊಂದೇ ಅದನ್ನು ಉಳಿಸಬೇಕು. ತೆರಿಗೆ ವಿನಾಯಿತಿಯ ಆಸರೆಯೂ ಮೊದಲಿನಂತಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನಿಗೆ ನಾನು ಕೊಟ್ಟ ಸಲಹೆ ಇಷ್ಟೇ. ಹೊಸ ಮನೆಯೇ ಬೇಕೆಂದರೆ ರಚನೆ ಪೂರ್ಣಗೊಂಡು, ಓಸಿಗೆ ಒಂದು ವರ್ಷದಷ್ಟು ಮಾತ್ರ ಉಳಿದಿರುವ ಕಟ್ಟಡ ನೋಡು. ರಿಯಾಯಿತಿ ಕಡಿಮೆಯಿರುತ್ತದೆ, ಸಾಲದ ಅವಧಿಯೂ ಕಡಿಮೆಯಿರುತ್ತದೆ. ರೇರಾ ಜಾಲತಾಣದಲ್ಲಿ ಆ ಬಿಲ್ಡರ್‌ನ ಹಿಂದಿನ ಯೋಜನೆಗಳು ಘೋಷಿಸಿದ ದಿನಕ್ಕೆ ಮುಗಿದಿವೆಯೇ, ಎಷ್ಟು ದೂರುಗಳಿವೆ ಎಂದು ಓದು. ಸಾಲ ಕೊಡುವವನು ಸಾಲಗಾರನ ಚರಿತ್ರೆ ಓದುವುದು ಅಪಮಾನವಲ್ಲ. ಅಮ್ಮನ ನಿವೇಶನದ ಹಣವನ್ನು ಮಾತ್ರ ನೀಲಗಿರಿ ತೋಪಿಗೆ ಹಾಕಬೇಡ.

ಮುಂದಿನ ಭಾನುವಾರ ಇಬ್ಬರೂ ಕೋಣನಕುಂಟೆಯ ಆ ಹಳೆಯ ಫ್ಲ್ಯಾಟ್ ನೋಡಲು ಹೋದೆವು. ಮೆಟ್ಟಿಲ ಬಳಿ ತುಳಸಿ ಕುಂಡ, ಲಿಫ್ಟಿನಲ್ಲಿ ಸ್ವಲ್ಪ ಸದ್ದು, ಮೇಲಿನ ಮಹಡಿಯ ಬಚ್ಚಲಿನಿಂದ ಇಳಿದ ಒಂದು ತೇವದ ಕಲೆ. ಸಂಘದ ಕಾರ್ಯದರ್ಶಿಗಳು ನಿವೃತ್ತ ಬ್ಯಾಂಕ್ ನೌಕರರು. ನಡಾವಳಿ ಪುಸ್ತಕವನ್ನೇ ಮುಂದಿಟ್ಟು, 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್‌ಗೆ ಎಷ್ಟು ಖರ್ಚಾಯಿತೆಂದು ತೋರಿಸಿದರು. ಮಾರುವವರ ಬಳಿ ಕ್ರಯಪತ್ರವಿದೆ, ಇ-ಖಾತಾ ಇದೆ, ಋಣಭಾರ ಪ್ರಮಾಣಪತ್ರವಿದೆ. ಓಸಿ ಮಾತ್ರ ‘ಎಲ್ಲೋ ಇದೆ’ ಎನ್ನುತ್ತಾರೆ. ಕಟ್ಟಿದಾಗ ಇದ್ದ ಮಹಾನಗರ ಪಾಲಿಕೆ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿರುವುದರಿಂದ ಆ ಕಡತ ಈಗ ಯಾರ ಬಳಿ ಇರಬಹುದೆಂದು ವಿಚಾರಿಸಿ, ಮಾಹಿತಿ ಹಕ್ಕು ಕಾಯ್ದೆಯಡಿ ದೃಢೀಕೃತ ಪ್ರತಿಗಾಗಿ ಅರ್ಜಿ ಹಾಕಿಸಿದ್ದೇನೆ. ಮೂವತ್ತು ದಿನಗಳ ಗಡುವಿನಲ್ಲಿ ಇನ್ನೂ ಹನ್ನೊಂದು ದಿನ ಬಾಕಿ ಇದೆ. ಈ ಮಧ್ಯೆ ಸರ್ಜರಿ ವೈದ್ಯರಷ್ಟು ನಯವಾಗಿ ಮಾತನಾಡುವ ಮಾರಾಟ ಪ್ರತಿನಿಧಿಯ ಕರೆ ಹುಡುಗನಿಗೆ ಮೂರು ಸಲ ಬಂದಿದೆ: ಇಂದು ಸಂಜೆ ದರ ಏರುತ್ತದೆ, ಇದೇ ಕೊನೆಯ ಅವಕಾಶ ಎಂದು. ಮೂರು ಸಲವೂ ಅದೇ ದರ ಹೇಳಿದ್ದಾನಂತೆ.